ಕಾಕಾನ ಡೊಳ್ಳು, ಭಂಡಾರ ಮೆತ್ತಿದ ಸಬ್‌ವೂಫರ್

ಕೆನಾಲ್ ನೀರು ಬಂದು ಭತ್ತ ಹಚ್ಚಾಕತ್ತಿದ ಮ್ಯಾಲ ನಮ್ಮ ಕಡಿ ಹೋಮ್ ಥಿಯೇಟರ್ ಇಲ್ಲದ ಮನಿ ಕಮ್ಮಿರಿ. ನಮ್ಮ ಕಾಕಾನ ಮನ್ಯಾಗೂ ಒಂದು ಆಂಪ್ಲಿಫೈಯರ್, ಐದು ಸಣ್ಣ ಸ್ಪೀಕರ್ ಇದ್ವು. ಗುಮ್ಮ್ ಅನ್ನೋ ದೊಡ್ಡ ಡಬ್ಬಿ, ಸಬ್‌ವೂಫರ್, ಅದೊಂದು ಇರಲಿಲ್ಲ.

ಕಾಕಾ ಕುರಿ ಕಾಯ್ಕೋತ, ಡೊಳ್ಳು ಬಾರಿಸ್ಕೋತ ಬೆಳದಾಂವ. ಲಕ್ವಾ ಹೊಡದು ಬಲಗೈ ಹೋತು, ಡೊಳ್ಳು ಗ್ವಾಡಿಗೆ ಏರ್ತು. ಅಂವ ಗಟ್ಟಿ ಇದ್ದಾಗ ಬಾರಿಸಿದ್ದು ಒಂದು ಹಳೇ ಕ್ಯಾಸೆಟ್‌ನ್ಯಾಗ ಇತ್ತು. ನಾ ಅದನ್ನ ಪೆನ್‌ಡ್ರೈವ್‌ಗೆ ಹಾಕ್ಸಿ ಕೇಳ್ಸಿದೆ. ಕಾಕಾ ಮಾರಿ ಸಣ್ಣದು ಮಾಡಿದ.

"ಇದು ನಂದಲ್ಲ ಬಿಡವ್ವ. ಯಾರೋ ತಾಟು ಬಡ್ಯಾಕತ್ತಾರ."

ಬ್ಯಾರೆ ಕ್ಯಾಸೆಟ್ ಇಲ್ಲ. ಇನ್ನೊಮ್ಮಿ ಬಾರಿಸ್ತಾನ ಅನ್ನೋ ಮಾತೂ ಇಲ್ಲ. ಅದು ತನ್ನ ಕೈ ಅಂತ ಅವಗ ಅನಿಸ್ಬೇಕಿತ್ತು, ಅಷ್ಟ.

ನಾ ಸಾಲಿ ಟೀಚರ್, ಮೆಕ್ಯಾನಿಕ್ ಅಲ್ಲ. ಆದ್ರೂ ಡೊಳ್ಳಿನ ಗುಮ್ಮ್ ಸಣ್ಣ ಸ್ಪೀಕರ್‌ನ್ಯಾಗ ಬರೂದಿಲ್ಲಂತ ಗೊತ್ತಿತ್ತು. ಶಹಾಪುರದಾಗ ಸಬ್‌ವೂಫರ್ ತಗೊಂಡು, ಬಸ್ಸಿನ್ಯಾಗ ತೊಡಿಮ್ಯಾಲ ಇಟ್ಕೊಂಡು ಬಂದೆ. ಕಾಕಿ ನನಗ ನೀರು ಕೊಡೂಕಿಂತ ಮೊದ್ಲ ಡಬ್ಬಿಗೆ ಪೂಜಿ ಮಾಡಿದ್ಳು. ನಮ್ಮ ಮಂದ್ಯಾಗ ಹೊಸಾದು ಏನ ಬಂದ್ರೂ ಭಂಡಾರ ಬೀಳಬೇಕು, ಅಂದ್ರ ದೇವರ ಅರಿಷಿಣ ಪುಡಿ. ಟ್ರ್ಯಾಕ್ಟರ್‌ಗೂ ಅದ, ಕುರಿಮರಿಗೂ ಅದ.

ಕೆಲಸ ಸುಲಭ ಇತ್ರಿ. ಆಂಪ್ಲಿಫೈಯರ್ ಹಿಂದ 'ಸಬ್ ಔಟ್' ಅಂತ ಒಂದು ತೂತು, ಡಬ್ಬಿ ಹಿಂದ ಇನ್ನೊಂದು, ನಡುವ ಒಂದ ವೈರ್. ಹಾಕ್ದೆ. ಡಬ್ಬಿ ಪ್ಲಗ್ ಚುಚ್ಚಿದೆ, ಲೈಟ್ ಹತ್ತಿತು. ಆದ್ರ ಗುಮ್ಮ್ ಇಲ್ಲ, ಗುಸುಗುಸು ಸೈತ ಇಲ್ಲ. ವಾಲ್ಯೂಮ್ ತಿರುವಿದೆ. ಸೆಟ್ಟಿಂಗ್‌ನ್ಯಾಗ ಸಬ್‌ವೂಫರ್ ಚಾಲೂ ಮಾಡ್ದೆ. ವೈರ್ ಕಿತ್ತಿ ಮತ್ತ ಹಾಕ್ದೆ.

ಕಾಕಾ ಹೊರಸಿನ ಮ್ಯಾಲಿಂದ, "ಸಾಲ್ಯಾಗ ಹುಡುಗ್ರಿಗೂ ಹಿಂಗ ಕಲಸ್ತಿಯೇನು?" ಅಂದ.

ಸಿಟ್ಟು ಬಂದು ಮೊಬೈಲ್ ಟಾರ್ಚ್ ಹಚ್ಚಿ ಡಬ್ಬಿ ಹಿಂದಿನ ತೂತು ನೋಡ್ದೆ. ಒಳಗ ಹಳದಿ.

"ಕಾಕಿ, ಭಂಡಾರ ಎಲ್ಲೆಲ್ಲಿ ಹಚ್ಚಿದಿ?"

"ಎಲ್ಲಾ ಕಡಿ. ಹಿಂದಿನ ತೂತಿಗೆ ಎಣ್ಣ್ಯಾಗ ಕಲಸಿ ಒತ್ತೊತ್ತಿ ತುಂಬೀನಿ. ಅಲ್ಲಿಂದ ಅಲ್ಲೇನು ದನಿ ಬರೋದು?"

ಏನಂತ ಬಯ್ಯೋದ್ರಿ? ಗಂಡನ ಡೊಳ್ಳು ಕೇಳ್ಬೇಕಂತ ಆಕಿಗೇನು ಕಮ್ಮಿ ಆಸಿ ಇತ್ತು? ಪ್ಲಗ್ ಕಿತ್ತಿ, ಕಡ್ಡಿಗೆ ಹತ್ತಿ ಸುತ್ತಿ, ಕುಂತು ಕೆರದೆ. ಅರ್ಧಾ ತಾಸು. ಕಾಕಿ ಹತ್ತಿ ಕೊಟ್ಕೋತ ಬಾಜೂಕ ಕುಂತಿದ್ಳು.

ಮತ್ತ ವೈರ್ ಹಾಕಿ ಕಾಕಾನ ಡೊಳ್ಳು ಹಚ್ಚಿದೆ. ಗುಮ್ಮ್! ಅಡಿಗಿಮನ್ಯಾಗ ತಾಟು ಗಲಗಲ ಅಂದ್ವು. ಕಾಕಾ ಇಳದು ಬಂದು ಎಡಗೈ ಡಬ್ಬಿ ಮ್ಯಾಲ ಇಟ್ಟು ಕಣ್ಣ ಮುಚ್ಚಿದ.

"ತಡಿ, ತಡಿ. ಹಿಂದಕ್ಕ ಒಯ್ಯಿ."

ಒಯ್ದೆ.

"ಇಲ್ಲಿ! ಇಲ್ಲಿ ಒಂದು ಪೆಟ್ಟು ತಡಾ ಹಾಕೀನಿ ನೋಡು. ಅವತ್ತ ಯಾರಿಗೂ ಗೊತ್ತಾಗಿಲ್ಲ."

"ನನಗ ಗೊತ್ತಾಗಿತ್ತು," ಅಂದ್ಳು ಕಾಕಿ. "ಹೇಳಿರಲಿಲ್ಲ."

ಕಾಕಾ ಕಣ್ಣ ತೆರದು ಆಕಿನ್ನ ನೋಡಿದ, ಕೈ ಮಾತ್ರ ಡಬ್ಬಿ ಮ್ಯಾಲಿಂದ ತಗೀಲಿಲ್ಲ.

"ಮೊದ್ಲಿಂದ ಹಾಕವ್ವ," ಅಂದ ನನಗ. "ಈಕಿ ಇನ್ನೂ ಎಷ್ಟು ತಪ್ಪು ಬಚ್ಚಿಟ್ಟಾಳ ನೋಡೂಣು."