ಕೇಳಿದ ಮ್ಯಾಲೆ ಹೇಳಬೇಕಲ್ಲ ಎಂದ ಗಂಗವ್ವ

ಗಂಗವ್ವ ಫೋನಿನಲ್ಲಿ ಮಾತು ಶುರುಮಾಡುವ ಮೊದಲು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಮಗಳ ಜೊತೆ ಮಾತನಾಡುವಾಗಲ್ಲ, ಊರಿನವರ ಜೊತೆಯೂ ಅಲ್ಲ. ನಮ್ಮ ವಾರ್ಡಿನ ಕಾರ್ಪೊರೇಟರ್ ಹಸ್ಮುಖಭಾಯಿಗೆ ವಾಟ್ಸ್‌ಆ್ಯಪಿನಲ್ಲಿ ಮಾತು ತುಂಬಿ ಕಳಿಸುವಾಗ ಮಾತ್ರ. ಫೋನನ್ನು ತಟ್ಟೆಯ ಹಾಗೆ ಅಂಗೈ ಮೇಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, ಅಚ್ಚ ಗದಗಿನ ಕನ್ನಡದಲ್ಲಿ ಹೇಳುವರು: "ಯಪ್ಪಾ ಹಸಮುಖಾ, ನಂದು ಊಟಾ ಆತು. ಇವತ್ತ ಹೆಸರಕಾಳ ಪಲ್ಯಾ ಮಾಡಿದ್ದೆ. ನೀ ಉಂಡ್ಯೇನು?"

ಹಸ್ಮುಖಭಾಯಿಗೆ ಕನ್ನಡದ ಗಂಧಗಾಳಿಯೂ ಇರಲಿಲ್ಲ. ಸಂದೇಶಗಳನ್ನು ಕೇಳುತ್ತಿದ್ದವಳು ನಾನು.

ಆಗ ನಾನು ಸೂರತ್ತಿನ ಉಧ್ನಾದಲ್ಲಿ ಅವರ ಕಾರ್ಯಾಲಯದಲ್ಲಿ ಕೆಲಸಕ್ಕಿದ್ದೆ. ಹಬ್ಬ ಬಂದರೆ ಅವರ ನಗುಮುಖದ ಪೋಸ್ಟರು, ಗಟಾರ ಸ್ವಚ್ಛವಾದರೆ ಒಂದು ರೀಲು, ಯಾರದೋ ಮದುವೆಗೆ ಹೋದರೆ ನಾಲ್ಕು ಫೋಟೊ, ಇದೇ ನನ್ನ ಸೋಷಿಯಲ್ ಮೀಡಿಯಾ ಉದ್ಯೋಗ. ಒಮ್ಮೆ, ಮತದಾರರನ್ನು ಅವರವರ ಭಾಷೆಯಲ್ಲೇ ಮಾತನಾಡಿಸಬೇಕು ಎಂಬ ಹುಕಿ ಆಫೀಸಿಗೆ ಬಂತು. ಮರಾಠಿ ಆಯಿತು, ಒಡಿಯಾ ಆಯಿತು. ವಾರ್ಡಿನ ಬೆರಳೆಣಿಕೆಯ ಕನ್ನಡ ಮನೆಗಳಿಗೆ ಏನು ಮಾಡುವುದು ಎಂದಾಗ ಚಿತ್ರದುರ್ಗದ ನಾನು ಕೈಗೆ ಸಿಕ್ಕಿದೆ. ಗುಜರಾತಿ ಅಕ್ಷರದಲ್ಲಿ ಬರೆದುಕೊಟ್ಟೆ, ಹಸ್ಮುಖಭಾಯಿ ತಡವರಿಸುತ್ತ ಓದಿದರು: "ನಮಸ್ಕಾರ, ನಾನು ನಿಮ್ಮ ಮನೆಯ ಮಗ ಹಸ್ಮುಖ. ಊಟ ಆಯ್ತಾ?" ಊಟದ ಮಾತು ನನ್ನ ಒಗ್ಗರಣೆ. ಅದಿಲ್ಲದೆ ಕನ್ನಡದ ಮಾತುಕತೆ ಶುರುವಾಗುವುದಾದರೂ ಹೇಗೆ?

ಅದನ್ನು ಮುದ್ರಿಸಿ ಕನ್ನಡದ ಮನೆಗಳಿಗೆಲ್ಲ ವಾಟ್ಸ್‌ಆ್ಯಪಿನಲ್ಲಿ ಕಳಿಸಿದೆವು. ಕೆಲವರು ಹೆಬ್ಬೆರಳಿನ ಚಿತ್ರ ಕಳಿಸಿದರು, ಕೆಲವರು ಬೀದಿದೀಪದ ದೂರು ಕಳಿಸಿದರು. ಊಟ ಆಯಿತು ಎಂದು ಉತ್ತರ ಕೊಟ್ಟವರು ಗಂಗವ್ವ ಒಬ್ಬರೇ. ಉತ್ತರ ಕೊಟ್ಟು ಸುಮ್ಮನಾಗದೆ ತಿರುಗಿ ಕೇಳಿದರು. ಮರುದಿನ ಮಧ್ಯಾಹ್ನ ಮತ್ತೆ ಕೇಳಿದರು. ಆಮೇಲೆ ಅದು ನಿತ್ಯದ ಪಾಠವಾಯಿತು.

ಬಂದ ಸಂದೇಶಕ್ಕೆಲ್ಲ ಕೈಮುಗಿದ ಚಿತ್ರ ಕಳಿಸಬೇಕೆಂಬುದು ನಮ್ಮ ಆಫೀಸಿನ ನಿಯಮ. ಗಂಗವ್ವನಿಗೂ ಅದೇ ಹೋಗುತ್ತಿತ್ತು. ಹುಡುಗನಿಗೆ ಮಾತಾಡುವಷ್ಟು ಪುರುಸೊತ್ತಿಲ್ಲ, ಆದರೂ ನಮಸ್ಕಾರ ಮರೆಯುವುದಿಲ್ಲ ಎಂದು ಅವರು ಓಣಿಯ ತುಂಬ ಹೇಳಿಕೊಂಡು ತಿರುಗಿದರು. ಓಣಿಯವರು ನಕ್ಕರು. ಎಂದಾದರೂ ಒಂದು ದಿನ ಅವನು ಬಾಯಿಬಿಟ್ಟು ಉತ್ತರ ಹೇಳಿಯೇ ಹೇಳುತ್ತಾನೆ ಎಂದು ಇವರು ಪಟ್ಟು ಹಿಡಿದರು.

ಈ ಮುಗ್ಧತೆ ನೋಡಲಾರದೆ ಅವರ ಮನೆ ಹುಡುಕಿಕೊಂಡು ಹೋದೆ. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಸೀರೆ ಮಡಿಚುವ ಕಾರ್ಖಾನೆಗೆ ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮೊಮ್ಮಗಳ ಹೆಸರು ಕಿಂಜಲ್. ಅಜ್ಜಿ ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಹೇಳುವಳು, ಅದೂ ಅರ್ಧಂಬರ್ಧ. ಹಗಲೆಲ್ಲ ಆ ಮನೆಯಲ್ಲಿ ಗಂಗವ್ವನ ಮಾತಿಗೆ ಮಾತು ಕೊಡುವವರೇ ಇರಲಿಲ್ಲ. ನನ್ನನ್ನು ಕಂಡು ಅವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ನನ್ನ ಮಾತು ಕೇಳಿ, "ಇದ್ಯಾವ ಮೈಸೂರ ಕಡಿ ಮಾತವಾ, ಸಕ್ಕರಿ ಹಾಕಿಧಂಗ ಐತಿ" ಎಂದು ಕಾಲೆಳೆದರು. ಚಿತ್ರದುರ್ಗದಿಂದ ಮೈಸೂರು ಎಷ್ಟು ದೂರ ಎಂದು ವಿವರಿಸಲು ಹೋಗಿ ಸೋತೆ.

ಕೊನೆಗೆ ಬಂದ ವಿಷಯಕ್ಕೆ ಬಂದೆ. ಅಜ್ಜಿ, ಆ ಮಾತು ನಿಮಗೊಬ್ಬರಿಗೇ ಅಂತ ಹೇಳಿದ್ದಲ್ಲ, ಒಮ್ಮೆ ಒತ್ತಿದರೆ ಎಲ್ಲರ ಫೋನಿಗೂ ಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಮುಂದಿದ್ದ ಮೊರದಿಂದ ಕಲ್ಲು ಆರಿಸುವುದನ್ನು ನಿಲ್ಲಿಸಲೇ ಇಲ್ಲ.

"ಎಲ್ಲಾರಿಗೂ ಹೋಗ್ಲೇಳವಾ. ನನಗೂ ಬಂತಿಲ್ಲೋ? ಉಂಡ್ಯೇನು ಅಂತ ಕೇಳಿದ ಮ್ಯಾಲೆ ಹೇಳಬೇಕಲ್ಲ. ಹೇಳಿ, ಹೊಳ್ಳಿ ಅವಂಗೂ ಕೇಳಬೇಕಲ್ಲ."

ನಾನೂ ಮೊರದ ಮುಂದೆ ಕುಳಿತು ಕಲ್ಲು ಆರಿಸತೊಡಗಿದೆ.

ಚುನಾವಣೆ ಹತ್ತಿರ ಬಂದಾಗ ಈ ಕಥೆ ಆಫೀಸಿನವರ ಕಿವಿಗೆ ಬಿತ್ತು. ಕಾರ್ಪೊರೇಟರ್ ಕನ್ನಡದ ಅಜ್ಜಿಯ ಮನೆಯಲ್ಲಿ ಉಣ್ಣುತ್ತಿರುವ ರೀಲು ಮಾಡಿದರೆ ಊರೆಲ್ಲ ಹರಿದಾಡುತ್ತದೆ ಎಂದು ಹುಡುಗರು ಕುಣಿದರು. ಲೈಟು, ಮೈಕು, ಕ್ಯಾಮೆರಾ ಸಮೇತ ದಂಡು ಹೋಯಿತು. ಗಂಗವ್ವ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಕೆನೆಮೊಸರು ಮಾಡಿಟ್ಟು ಕಾಯುತ್ತಿದ್ದರು. ಹಸ್ಮುಖಭಾಯಿ ನೆಲದ ಮೇಲೆ ಕುಳಿತರು. ಮೊದಲ ತುತ್ತು ಎತ್ತುವಾಗ ಕ್ಯಾಮೆರಾ ಮುಖದ ಹತ್ತಿರ ಬಂತು. ಗಂಗವ್ವ ನಡುವೆ ಬಂದು ನಿಂತರು.

"ಉಣ್ಣೋರ ಬಾಯಿ ನೋಡಬಾರದು. ದೃಷ್ಟಿ ಆಗತೈತಿ. ಅದನ್ನ ಹೊರಗ ಇಟ್ಟ ಬರ್ರಿ."

ಏನಂತೆ ಎಂದು ಹಸ್ಮುಖಭಾಯಿ ನನ್ನ ಮುಖ ನೋಡಿದರು. ನಜರ್ ಬೀಳುತ್ತದಂತೆ ಎಂದೆ. ಹುಡುಗರು ಗೋಗರೆದರು, ಅರ್ಧ ನಿಮಿಷ ಸಾಕು ಎಂದರು. ಹಸ್ಮುಖಭಾಯಿ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿ, 'ಬಾ' ಹೇಳಿದ ಮೇಲೆ ಮುಗಿಯಿತು, ಅವರ ಮನೆ ಇದು ಎಂದುಬಿಟ್ಟರು. ಗುಜರಾತಿಯಲ್ಲಿ ಬಾ ಎಂದರೆ ಅವ್ವ. ಲೈಟು ಆರಿತು, ಕ್ಯಾಮೆರಾ ಹೊರಗೆ ಹೋಯಿತು. ಹಸ್ಮುಖಭಾಯಿಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಗಂಗವ್ವ ಅದನ್ನು ಎತ್ತಿ ಹಾಸಿಗೆಯ ಸುರುಳಿಯೊಳಗೆ ತೂರಿಸಿದರು. ಅಂದು ಆ ಮನುಷ್ಯ ಯಾರಿಗೂ ಕಾಣದ ಹಾಗೆ, ಬೆವರು ಒರೆಸಿಕೊಳ್ಳುತ್ತ ಹೊಟ್ಟೆತುಂಬ ಉಂಡರು. ಮುಂದಿನ ಸಭೆಗೆ ತಡವಾಯಿತು. ರೀಲು ಆಗಲಿಲ್ಲ.

ಹಸ್ಮುಖಭಾಯಿ ಚುನಾವಣೆಯಲ್ಲಿ ಸೋತರು. ರೀಲಿನಿಂದ ಗೆಲ್ಲುತ್ತಿದ್ದರೆಂದು ನಾನೇನೂ ನಂಬುವುದಿಲ್ಲ, ಹುಡುಗರು ಮಾತ್ರ ಅಜ್ಜಿಗೆ ಹಿಡಿಶಾಪ ಹಾಕಿದರು. ಕಾರ್ಯಾಲಯ ಮುಚ್ಚಿತು. ಹಸ್ಮುಖಭಾಯಿ ಸೀರೆಯ ಅಂಚಿಗೆ ಹಚ್ಚುವ ಲೇಸು ಮಾರುವ ತಮ್ಮ ಹಳೆಯ ಅಂಗಡಿಗೆ ಮರಳಿದರು. ನಾನು ಅಹಮದಾಬಾದಿನಲ್ಲಿ ಬೇರೆ ಕೆಲಸ ಹಿಡಿದೆ. ಆಫೀಸಿನ ಫೋನು ಯಾರಿಗೂ ಬೇಡವಾಗಿ ಹಸ್ಮುಖಭಾಯಿಯ ಬಳಿಯೇ ಉಳಿಯಿತು.

ಕೆಲವು ತಿಂಗಳ ಮೇಲೆ ಅವರು ನನಗೆ ಫೋನ್ ಮಾಡಿದರು. ಇತ್ತೀಚೆಗೆ 'ಬಾ' ಅವರ ಮೆಸೇಜು ಬರುತ್ತಿಲ್ಲ, ಒಮ್ಮೆ ವಿಚಾರಿಸುತ್ತೀಯಾ ಎಂದರು. ನನಗೆ ಅಚ್ಚರಿಯಾಯಿತು. ನೀವು ಕೇಳುತ್ತಿದ್ದಿರಾ, ಅರ್ಥವಾಗುತ್ತಿತ್ತಾ ಎಂದೆ. ಅರ್ಥವಾಗುತ್ತಿರಲಿಲ್ಲ, ಆದರೆ ಮಧ್ಯಾಹ್ನವಾದರೆ ಬರುತ್ತಿತ್ತು, ಸೋತ ಮೇಲೆ ಈ ಫೋನಿಗೆ ಬರುತ್ತಿದ್ದದ್ದು ಅದೊಂದೇ ಎಂದರು.

ಕಿಂಜಲ್‌ಗೆ ಫೋನ್ ಮಾಡಿದೆ. ಅಜ್ಜಿ ಹೋಗಿಬಿಟ್ಟರು, ಜ್ವರ ಅಂತ ಮಲಗಿದವರು ಏಳಲಿಲ್ಲ ಎಂದಳು.

ಆ ವಾರವೇ ಸೂರತ್ತಿಗೆ ಹೋದೆ. ಮನೆಯವರನ್ನು ಕಂಡು, ಅಲ್ಲಿಂದ ಲೇಸು ಅಂಗಡಿಗೆ ಹೋದೆ. ಹಸ್ಮುಖಭಾಯಿ ಫೋನನ್ನು ನನ್ನ ಮುಂದಿಟ್ಟರು. ಒಂದೊಂದಾಗಿ ಕೇಳಿಸಿ ಅರ್ಥ ಹೇಳುತ್ತ ಬಂದೆ. ಪುಂಡಿಪಲ್ಯ, ಕಿಂಜಲಳ ಪರೀಕ್ಷೆ, ಮಂಡಿನೋವು, ಉಂಡ್ಯೇನು. ಫಲಿತಾಂಶದ ಮರುದಿನದ್ದು ಬಂತು.

"ಯಪ್ಪಾ, ಸೋತಿ ಅಂತ ಕೇಳಿದೆ. ಇರ್ಲಿ ತಗೋ. ಊರ ತುಂಬ ತಿರಗೂದು ತಪ್ಪಿತು. ಇನ್ನರ ಹೊತ್ತಿಗೆ ಸರಿಯಾಗಿ ಉಣ್ಣು."

ಅದರ ಅರ್ಥವನ್ನೂ ಹೇಳಿದೆ. ಹಸ್ಮುಖಭಾಯಿ ಲೇಸಿನ ಸುರುಳಿಯೊಂದನ್ನು ಬಿಚ್ಚಿ, ಮತ್ತೆ ಸುತ್ತಿಟ್ಟರು. ಆಮೇಲೆ, ಇದಕ್ಕೆ ನಿಮ್ಮಲ್ಲಿ ಏನಂತ ಉತ್ತರ ಕೊಡಬೇಕು ಎಂದು ಕೇಳಿದರು.

"ಉಂಡೆ ಅವ್ವಾ ಅನ್ನಬೇಕು" ಎಂದೆ.

ಮಾತು ತುಂಬುವ ಗುಂಡಿ ಒತ್ತಲು ಬೆರಳು ಚಾಚಿದವರು ಹಾಗೇ ತಡೆದರು. ಇನ್ನೂ ಉಂಡಿಲ್ಲವಲ್ಲ ಎಂದರು. ಗಲ್ಲಾಪೆಟ್ಟಿಗೆಯ ಕೆಳಗಿದ್ದ ಊಟದ ಡಬ್ಬಿ ತೆಗೆದು, ತಣ್ಣಗಾಗಿದ್ದ ರೊಟ್ಟಿಯನ್ನು ಮುರಿದು, ನನಗೂ ಒಂದಿಷ್ಟು ಕೊಟ್ಟು, ಪೂರ್ತಿ ಉಂಡರು. ಕೈ ತೊಳೆದು ಬಂದರು. ಆಮೇಲೆ ಗುಂಡಿ ಒತ್ತಿ, ನಿಧಾನವಾಗಿ ಹೇಳಿದರು.

"ಉಂಡೆ ಅವ್ವಾ."