ಮಡಿಸುವ ಕೋಟೆ

ನೆನೆಸಿದ ಮೆಂತ್ಯವನ್ನು ಹಳೆಯ ಪತ್ರಿಕೆಯ ಚೂರುಗಳ ಜೊತೆ ರುಬ್ಬಿದಾಗ ಏಳುವ ವಾಸನೆಯೊಂದಿದೆ. ಕಹಿ, ಲೋಳೆ, ಒಂದಿಷ್ಟು ಶಾಯಿ, ಒಂದಿಷ್ಟು ಹಳಸಿದ ನೀರು. ನಿಮ್ಮ ಮನೆಯಲ್ಲೂ ಕಾಗದದ ಬುಟ್ಟಿ ಮಾಡುವ ಅಜ್ಜಿಯೊಬ್ಬರಿದ್ದರೆ ನಿಮಗದು ಗೊತ್ತು. ಹೋದ ಬೇಸಿಗೆಯಲ್ಲಿ, ತುಮಕೂರಿನ ನನ್ನ ಬಾಡಿಗೆ ಮನೆಯಲ್ಲಿ ಮಿಕ್ಸಿಯ ಮುಚ್ಚಳ ತೆಗೆದಾಗ ಆ ವಾಸನೆ ಮುಖಕ್ಕೆ ಬಡಿಯಿತು. ಪುಟ್ಟ ಸಿಪಾಯಿಗಳನ್ನಿಟ್ಟು ಯುದ್ಧದಾಟ ಆಡುವ ನಾಲ್ವರು ಗೆಳೆಯರು ನಾವು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೊತ್ತೊಯ್ಯಬಹುದಾದ, ಗುಡ್ಡ ಕೆರೆಗಳಿರುವ ಮಡಿಸುವ ಹಲಗೆಯೊಂದನ್ನು ಮಾಡುವ ಕೆಲಸ ನನಗೆ ಬಿದ್ದಿತ್ತು. ಥರ್ಮೋಕೋಲ್ ಸಾಕು ಎಂದರು ಅವರು. ನಾನು ಮೆಂತ್ಯ ನೆನೆಹಾಕಿದೆ. ಅಂಥ ಹಲಗೆಯೊಂದನ್ನು ಚಿಕ್ಕಂದಿನಲ್ಲಿ ನೋಡಿದ್ದೆ, ಅಥವಾ ನೋಡಿದ್ದೆನೆಂದು ನಂಬಿದ್ದೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಆಧಾರ ಕೇಳುವುದನ್ನು. ಬೇರೆಯವರ ಮಾತಿಗೆ ಆಧಾರ ಕೇಳಿ ಕೇಳಿ, ಈಗ ನನ್ನ ನೆನಪಿಗೂ ಕೇಳುವ ಚಾಳಿ ಹತ್ತಿದೆ.

ಮಧುಗಿರಿಯಲ್ಲಿ ನಮ್ಮ ಮನೆ ಬೆಟ್ಟದ ಬುಡದ ಬೀದಿಯಲ್ಲಿತ್ತು. ಮಧ್ಯಾಹ್ನ ಮೂರಾದರೆ ಬಂಡೆಯ ಕಾವು ಹಿತ್ತಲ ಗೋಡೆ ದಾಟಿ ಒಳಗೆ ಬರುತ್ತಿತ್ತು. ಸಂಜೆಗೆ ಅದೇ ಬಂಡೆಯ ನೆರಳು ಅಂಗಳವನ್ನೆಲ್ಲ ತುಂಬುತ್ತಿತ್ತು. ಅಜ್ಜಿ, ಅಪ್ಪ, ಅಮ್ಮ, ಸರೋಜಕ್ಕ, ನಾನು, ಜೊತೆಗೆ ಅಪ್ಪನ ತಮ್ಮ ಸೀನ ಚಿಕ್ಕಪ್ಪ. ಚಿಕ್ಕಪ್ಪ ಡ್ರಾಯಿಂಗ್ ಮೇಷ್ಟ್ರು. ಮದುವೆಯ ಮಾತೆತ್ತಿದರೆ ಪೆನ್ಸಿಲ್ ಕೆತ್ತಲು ಕೂರುತ್ತಿದ್ದರು. ಮುರಿದ ಬಾಗಿಲೊಂದರ ಹಲಗೆಗಳಿಂದ ಅವರು ಎರಡು ತಟ್ಟೆಯಂಥ ಪೆಟ್ಟಿಗೆಗಳನ್ನು ಮಾಡಿ, ನಡುವೆ ಕೀಲು ಹಾಕಿ, ಹಳೆಯ ಸೂಟ್‌ಕೇಸಿನ ಹಿಡಿಯನ್ನು ಜೋಡಿಸಿದರು. ಅಜ್ಜಿ ಬುಟ್ಟಿಗೆಂದು ರುಬ್ಬಿದ ಕಾಗದದ ಹಿಟ್ಟಿನಲ್ಲಿ ಅರ್ಧವನ್ನು ಹೊತ್ತು ತಂದು, ಒಂದು ಕಡೆ ಮಧುಗಿರಿ ಬೆಟ್ಟವನ್ನೂ ಇನ್ನೊಂದು ಕಡೆ ಏರಿ ಕಟ್ಟಿದ ಆಳದ ಕೆರೆಯನ್ನೂ ಮೆತ್ತಿದರು. ಮಡಿಸಿದಾಗ ಬೆಟ್ಟ ತಲೆಕೆಳಗಾಗಿ ಕೆರೆಯೊಳಗೆ ಸರಿಯಾಗಿ ಕೂರುತ್ತಿತ್ತು. “ಊರ ಬೆಟ್ಟನೇ ನೀರಲ್ಲಿ ಮುಳುಗಿಸ್ಬುಟ್ಟೆಯಲ್ಲೋ ಪುಣ್ಯಾತ್ಮ” ಎಂದು ಅಜ್ಜಿ ಕೆನ್ನೆ ಬಡಿದುಕೊಂಡರು. ಬೆಟ್ಟಕ್ಕೆ ಇದ್ದಿಲು, ನೆಲಕ್ಕೆ ಕೆಮ್ಮಣ್ಣು, ಮರಗಳಿಗೆ ಜಾಲಿಯ ಒಣಕಡ್ಡಿ. ಸಿಪಾಯಿಗಳು ಕೆರೆಯ ಜೇಡಿಮಣ್ಣಿನವು, ಬಚ್ಚಲ ಒಲೆಯ ಬೂದಿಯಲ್ಲಿ ಸುಟ್ಟವು. ಕವಡೆ ಹಾಕಿ, ಪೊರಕೆ ಕಡ್ಡಿಯಲ್ಲಿ ಅಳೆದು ಅವರನ್ನು ನಡೆಸಬೇಕು. ಸಿಪಾಯಿ ನಿಂತರೆ ನಿಂತ, ಬಿದ್ದರೆ ಸತ್ತ. ಕೋಟೆಗೆ ಮುಂದಿನ ಮೆಟ್ಟಿಲಿನಿಂದಲ್ಲದೆ ದಾರಿಯಿಲ್ಲ. ಬೆಟ್ಟದ ಬೆನ್ನು ನುಣ್ಣಗಿತ್ತು.

ಭಾನುವಾರ ಆ ಪೆಟ್ಟಿಗೆ ಬಸ್ಸು ಹತ್ತುತ್ತಿತ್ತು. ಕೊರಟಗೆರೆಗೆ, ಪಾವಗಡಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಶಿರಾಕ್ಕೆ. “ಏನ್ ಮೇಷ್ಟ್ರೇ, ಹಾರ್ಮೋನಿಯಮ್ಮಾ?” ಎಂದು ಕಂಡಕ್ಟರು ಕೇಳಿದರೆ ಚಿಕ್ಕಪ್ಪ ಗಂಭೀರವಾಗಿ “ಕೋಟೆ ಕಣಪ್ಪ” ಎನ್ನುತ್ತಿದ್ದರು. “ಅಂಗಾದ್ರೆ ಒಳಗಿರೋ ಸೈನ್ಯಕ್ಕೆಲ್ಲ ಟಿಕೆಟ್ ತಗಳ್ಳಿ.” ಪಾವಗಡದಲ್ಲಿ ನಾವು ಇಳಿಯುವುದೇ ತಡ, ಮಕ್ಕಳು “ಕೋಟ ವಚ್ಚಿಂದಿರಾ!”, ಕೋಟೆ ಬಂತು ಎಂದು ತೆಲುಗಿನಲ್ಲಿ ಕೂಗಿಕೊಂಡು ಓಡಿಬರುತ್ತಿದ್ದವು. ಶಿರಾದಲ್ಲಿದ್ದವರು ರಹಮತ್ ಮಾಮ, ಚಿಕ್ಕಪ್ಪನ ಜೊತೆ ತರಬೇತಿ ಮುಗಿಸಿದ ಮೇಷ್ಟ್ರು. ಇಡೀ ವರ್ಷ ಆಡಿ ಒಮ್ಮೆಯೂ ಗೆಲ್ಲದ ಮನುಷ್ಯ. “ನನ್ನ ಸಿಪಾಯಿಗಳಿಗೆ ಊಟ ಕಮ್ಮಿ ಮೇಷ್ಟ್ರೇ, ನಿಮ್ಮೋರು ಮುದ್ದೆ ತಿಂದೋರು” ಎಂದು ನಗುತ್ತಿದ್ದರು.

ಒಂದು ಶನಿವಾರ ಬೆಟ್ಟದ ಬೆನ್ನು ಬಿರುಕು ಬಿಟ್ಟಿತ್ತು. ಚಿಕ್ಕಪ್ಪ ಹೊಸ ಹಿಟ್ಟು ಮೆತ್ತಿ ನುಣ್ಣಗೆ ಸವರಿದರು. ಮರುದಿನ ಬಸ್ಸಿನ ಹೊತ್ತಿಗೆ ಒಳಗಿನಿಂದ “ಒಣಗೈತೇನ್ರೋ?” ಎಂದು ಕೂಗಿದರು. ಜಗುಲಿಯ ಮೇಲೆ ಕೂತಿದ್ದ ನಾನು ಮುಟ್ಟಿಯೂ ನೋಡದೆ “ಒಣಗೈತೆ” ಎಂದೆ. ಪೆಟ್ಟಿಗೆ ಮಡಿಸಿಕೊಂಡು ಶಿರಾಕ್ಕೆ ಹೋದರು. ಅಲ್ಲಿ ಮಾಮನ ಮನೆಗೆ ನೆಂಟರು ಬಂದಿದ್ದರಿಂದ ಆಟ ನಡೆಯಲಿಲ್ಲ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದರು. ಮುಂದಿನ ಭಾನುವಾರ ಮಾಮ ಅದನ್ನು ಹೊತ್ತುಕೊಂಡು, ಜೊತೆಗೆ ಮೊದಲ ಸಲ ಮಗಳು ಶಬಾನಾಳನ್ನೂ ಕರೆದುಕೊಂಡು ಮಧುಗಿರಿಗೆ ಬಂದರು.

ಆ ದಿನ ಆಟದ ನಡುವೆ ಮಾಮ ತಮ್ಮ ಸಿಪಾಯಿಯೊಬ್ಬನನ್ನು ಬೆಟ್ಟದ ಬೆನ್ನಿಗೆ ಒಯ್ದು ನಿಲ್ಲಿಸಿದರು. ಅವನು ನಿಂತ. ಉಗುರಿನಷ್ಟು ಅಗಲದ ಅಂಚೊಂದು ಅಲ್ಲಿ ಓರೆಯಾಗಿ ಮೇಲಕ್ಕೆ ಹೋಗಿತ್ತು. ಒಬ್ಬರ ಹಿಂದೊಬ್ಬರು ಎಲ್ಲರೂ ಹತ್ತಿದರು. ಶಬಾನಾ ಚಪ್ಪಾಳೆ ತಟ್ಟಿದಳು. ಚಿಕ್ಕಪ್ಪ ಅಂಚಿನ ಮೇಲೆ ಬೆರಳಾಡಿಸಿ, ತಲೆ ಎತ್ತದೆ, “ಒಂದು ವಾರ ನಿಮ್ಮನೇಲೇ ಇತ್ತಲ್ಲ ಮೇಷ್ಟ್ರೇ” ಎಂದರು. ಅಷ್ಟೇ. ಮಾಮ, ಅಮ್ಮ ತಂದಿಟ್ಟ ಟೀ ಪೂರ್ತಿ ಕುಡಿದು, ಲೋಟವನ್ನು ತಾವೇ ಬಚ್ಚಲಿಗೆ ಇಟ್ಟು ಬಂದು, ಮಗಳ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮತ್ತೆಂದೂ ಬರಲಿಲ್ಲ. ಚಿಕ್ಕಪ್ಪ ಮತ್ತೆಂದೂ ಪೆಟ್ಟಿಗೆ ತೆರೆಯಲಿಲ್ಲ. ನಾನು ಚಿಕ್ಕಪ್ಪನ ಕಡೆಯವನು. ಎಷ್ಟೋ ವರ್ಷ ಬಸ್ಸಿನಲ್ಲಿ ಶಿರಾ ಬಂತೆಂದರೆ ಮಾಮನ ಬೀದಿ ಇಲ್ಲದ ಬದಿಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಅಜ್ಜಿ ಹೋದರು, ಒರಳು ಹಿತ್ತಲಿಗೆ ಹೋಯಿತು. ಚಿಕ್ಕಪ್ಪ ಪಾವಗಡಕ್ಕೆ ವರ್ಗವಾಗಿ, ಅಲ್ಲೇ ಒಂದು ಬೆಳಗ್ಗೆ ತೀರಿಕೊಂಡರು. ನಾನು ಪರೀಕ್ಷೆ ಬರೆಯುತ್ತಿದ್ದೆ, ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಧುಗಿರಿಯ ಮನೆಯಿದ್ದ ಜಾಗದಲ್ಲಿ ಈಗ ಕಬ್ಬಿಣ ಸಿಮೆಂಟಿನ ಅಂಗಡಿಯಿದೆ. ಪೆಟ್ಟಿಗೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ಹೋದ ಬೇಸಿಗೆಗೆ ಬರುತ್ತೇನೆ. ಚಿಕ್ಕಪ್ಪನದೇ ನಮೂನೆಯಲ್ಲಿ ನಾನು ಮಾಡಿದ ಹಲಗೆಯ ಗುಡ್ಡಕ್ಕೆ ಕೊನೆಯ ಹಿಟ್ಟು ಸವರಿ, ಆತುರಕ್ಕೆ ಬೇಗ ಮಡಿಸಿಟ್ಟಿದ್ದೆ. ನಾಲ್ಕು ದಿನ ಬಿಟ್ಟು ತೆರೆದರೆ ಗುಡ್ಡದ ಬೆನ್ನಿನಲ್ಲಿ ಒಂದು ಅಂಚು. ಉಗುರಿನಷ್ಟು ಅಗಲ, ಓರೆ. ಕೆರೆಯ ಏರಿ ಹಸಿ ಹಿಟ್ಟಿಗೆ ಒತ್ತಿಕೊಂಡು ಮೂಡಿಸಿದ ಗುರುತು. ಯಾರೂ ಕೆತ್ತಿರಲಿಲ್ಲ. ಒಣಗದ್ದನ್ನು ಒಣಗಿದೆ ಎಂದವನು ನಾನು.

ಆದರೆ ತಪ್ಪು ಇಷ್ಟು ಸಲೀಸಾಗಿ ಕೈಗೆ ಸಿಕ್ಕಿದ್ದೇ ನನಗೆ ಅನುಮಾನ ಹುಟ್ಟಿಸಿತು. ಕೊರಟಗೆರೆಯಲ್ಲಿರುವ ಸರೋಜಕ್ಕನ ಬಳಿ ಹೋಗಿ ಹೇಳಿದೆ. ಅವಳು ಕಡಲೆಕಾಯಿ ಸುಲಿಯುತ್ತಲೇ ಕೇಳಿ, “ಬುಡ್ಲಾ ಸಾಕು. ಒಣಗೈತೆ ಅಂದೋಳು ನಾನು. ನೀನಾವತ್ತು ಊರಲ್ಲೆಲ್ಲಿದ್ದೆ? ಅಜ್ಜಿ ಸೆರಗು ಹಿಡ್ಕಂಡು ಗೊರವನಹಳ್ಳಿಗೆ ಹೋಗಿದ್ದೆ, ಬಸ್ಸಲ್ಲಿ ವಾಂತಿ ಬೇರೆ ಮಾಡ್ಕಂಡಿದ್ದೆ” ಎಂದಳು. ವಾಂತಿ ಮಾಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿತ್ತು. ಜಗುಲಿಯೂ ನೆನಪಿತ್ತು. ಎರಡೂ ಒಂದೇ ದಿನದ್ದಾಗಿರಲು ಸಾಧ್ಯವಿಲ್ಲ. ನಾನು ವಾದಿಸಿದೆ. “ಚಿಕ್ಕೋನಿದ್ದಾಗ ನನ್ನ ಬಳಪ ಕದೀತಿದ್ದೆ, ಈಗ ತಪ್ಪೂ ಕದೀತೀಯಾ?” ಎಂದು ನಕ್ಕವಳು ಆಮೇಲೆ ಸುಲಿಯುವುದನ್ನು ನಿಲ್ಲಿಸಿದಳು. “ಯಾರಂದ್ರೋ ಬುಡು. ಆ ಯಪ್ಪ ಇನ್ನೂ ಇದ್ದಾರಂತೆ. ಕೆತ್ತಿದ್ದು ನೀವಲ್ಲ ಅಂತ ಒಬ್ಬರಾದ್ರೂ ಹೋಗಿ ಹೇಳ್ಬೇಕು ಕಣ್ಲಾ.”

ಶಿರಾದ ಆ ಮನೆಯ ತುಂಬ ಮೊಮ್ಮಕ್ಕಳು, ಹೊಲಿಗೆ ಯಂತ್ರದ ಸದ್ದು. ಮಾಮ ನನ್ನ ಗುರುತು ಹಿಡಿಯಲಿಲ್ಲ. ಚಿಕ್ಕಪ್ಪನ ಹೆಸರು ಹೇಳಿದೊಡನೆ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಆ ಅಂಚಿನ ಮಾತು ಎತ್ತುವ ಮೊದಲೇ ಅವರೇ ಎತ್ತಿದರು. “ನಿಮ್ಮ ಚಿಕ್ಕಪ್ಪಂದು ದಿಲ್ ದೊಡ್ಡದು ಬೇಟಾ, ಬಾಯಿ ಸಣ್ಣದು. ಮುಂದಿನ ವಾರ ಮಗಳ್ನ ಕರ್ಕೊಂಡ್ ಬರ್ತೀನಿ ಅಂತ ನಾನು ಮೊದ್ಲೇ ಹೇಳಿದ್ದೆ. ಅವಳ ಮುಂದೆ ನಾನು ಸೋಲಬಾರದು ಅಂತ ಬೆಟ್ಟಕ್ಕೆ ಹಿಂದಿನಿಂದ ದಾರಿ ಮಾಡಿ ತಂದಿದ್ರು. ಗೆಲ್ಲಿಸಿಬಿಟ್ರು. ಆಮೇಲೆ ಸೋಲು ತಡ್ಕೊಳ್ಳೋಕೆ ಆಗ್ಲಿಲ್ಲ, ಪಾಪ, ಒಂದು ಮಾತು ಬಂದ್ಬಿಡ್ತು. ನಾನೂ ಜಿದ್ದಿಗೆ ಬಿದ್ದೆ. ಹೋಗ್ಬೇಕಿತ್ತು.” ಟೀ ತಂದ ಶಬಾನಾಳ ಕೂದಲು ಅರ್ಧ ಬೆಳ್ಳಗಾಗಿತ್ತು. “ಅಬ್ಬಾ ಗೆದ್ದಿದ್ದು ಅದೊಂದೇ ಸಲ. ನಾನು ನೋಡಿದೀನಿ” ಎಂದಳು.

ಹಸಿ ಹಿಟ್ಟು, ಕೆರೆಯ ಏರಿ, ಒತ್ತಿದ ಗುರುತು, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಮೊಬೈಲಿನಲ್ಲಿ ನನ್ನ ಹಲಗೆಯ ಫೋಟೋ ಇತ್ತು, ಆಧಾರಕ್ಕೆಂದು ತೆಗೆದದ್ದು. ಆರೋಪದಿಂದ ಬಿಡಿಸಲು ಬಂದವನು ನಾನು. ಅವರು ಎಂದೋ ಬಿಡಿಸಿಕೊಂಡು, ಅದರ ಜಾಗದಲ್ಲಿ ಚಿಕ್ಕಪ್ಪನ ದೊಡ್ಡ ಮನಸ್ಸನ್ನು ಕೂರಿಸಿಕೊಂಡಿದ್ದರು. “ನೀನೇನೋ ಹೇಳೋಕೆ ಬಂದಿದ್ದೆಯಲ್ಲ?” ಎಂದರು. “ಸುಮ್ನೆ ನೋಡ್ಕೊಂಡ್ ಹೋಗೋಣ ಅಂತ ಬಂದೆ ಮಾಮ” ಎಂದೆ. ನನ್ನ ಗುಡ್ಡದ ಮೇಲೆ ಮೂಡಿದ್ದು ಆ ಹಳೆಯ ಬೆಟ್ಟದ ಮೇಲೂ ಹಾಗೆಯೇ ಮೂಡಿತ್ತು ಎನ್ನಲು ನನ್ನಲ್ಲಿ ಏನು ಖಾತ್ರಿಯಿತ್ತು? ಹಿಟ್ಟು ಸವರಿದ ಕೊನೆಯ ಕೈ ಚಿಕ್ಕಪ್ಪನದೇ.

ಹೊರಡುವಾಗ ಮಾಮ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದರು. ನಾನು ಚಪ್ಪಲಿ ಮೆಟ್ಟುತ್ತಿದ್ದೆ. “ಕೊನೇಲಿ ನಿಮ್ಮ ಚಿಕ್ಕಪ್ಪ ನನ್ನ ನೆನೆಸ್ಕೊಂಡ್ರಾ ಬೇಟಾ?” ಎಂದು ಕೇಳಿದರು.

“ಹೂಂ, ಮಾಮ” ಎಂದೆ.

ಏನಂದರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಏನಾದರೊಂದು ಹೇಳಿಬಿಡುತ್ತಿದ್ದೆ. ಮಾಮ ಒಳಗೆ ತಿರುಗಿ, ಹೊಲಿಗೆ ಯಂತ್ರದ ಸದ್ದನ್ನೂ ಮೀರಿ, ಮಗಳಿಗೆ ಆ ಸುದ್ದಿ ಹೇಳುತ್ತಾ ನಿಧಾನವಾಗಿ ನಡೆದುಹೋದರು.