ಎರಡು ದಿನ ಬಿಟ್ಟು ಬರುವ ತುರಿಕೆ

ತಿಪ್ಪಸಂದ್ರದ ಕಡೆಯ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳ ಮೇಯಿಸುವುದರಲ್ಲಿ ತಿಮ್ಮಮ್ಮನದು ಎತ್ತಿದ ಕೈ. ಹುಟ್ಟಿದ್ದು ಕುರಿ ಸಾಕುವ ಮನೆಯಲ್ಲಿ, ಸೇರಿದ್ದೂ ಅಂಥದೇ ಮನೆ. ಎಂಬತ್ತರ ದಶಕದ ಶುರುವಿನಲ್ಲಿ ಊರಿಗೆ ಊರೇ ರಾಗಿ ಹೊಲಕ್ಕೆ ಹಿಪ್ಪುನೇರಳೆ ನೆಟ್ಟಾಗ ಅವಳ ಗಂಡ ಮಾಯಣ್ಣನೂ ನೆಟ್ಟ. ಹುಳದ ಮನೆ ತಿಮ್ಮಮ್ಮನ ಪಾಲಿಗೆ ಬಂತು. ಯಾವ ಹುಳಕ್ಕೆ ಎಳೆ ಸೊಪ್ಪು, ಯಾವುದಕ್ಕೆ ಬಲಿತದ್ದು, ಯಾವುದು ಇನ್ನರ್ಧ ದಿನಕ್ಕೆ ಗೂಡು ಕಟ್ಟುತ್ತದೆ ಎಂಬುದನ್ನೆಲ್ಲ ಬಾಗಿಲಲ್ಲಿ ನಿಂತೇ ಹೇಳುವಷ್ಟು ಅವಳಿಗೆ ಅದು ಒಲಿದಿತ್ತು.

ಮೂರನೆಯ ವರ್ಷ ಅವಳ ಕೈ ಕೆಟ್ಟಿತು. ಮರಿಹುಳ ಮನೆಗೆ ಬಂದ ದಿನವೇ ಬೆರಳ ಸಂದಿನಲ್ಲಿ ತುರಿಕೆ ಎದ್ದು ಸಣ್ಣ ಗುಳ್ಳೆಗಳಾದವು, ಒಡೆದು ನೀರು ಸೋರಿತು. ಹುಳ ಗೂಡು ಕಟ್ಟುವ ಹೊತ್ತಿಗೆ ಒಣಗಿತು. ಮುಂದಿನ ಹುಳದ ಬೆಳೆಗೆ ಮತ್ತೆ ಬಂತು. ಈ ಸಲ ಮಣಿಕಟ್ಟಿನವರೆಗೂ ಹತ್ತಿತು, ಕಣ್ಣ ರೆಪ್ಪೆಗಳು ಊದಿಕೊಂಡವು.

ಅತ್ತೆ ದಾಸಮ್ಮ ಎರಡೂ ಸಲ ನೋಡಿದ್ದಳು.

"ಹುಳ ನಿಂಗೆ ಆಗ್ಬರಕಿಲ್ಲ ಕಣಮ್ಮಿ. ಅದು ಮನೆಗ್ ಬರೋದೂ ನಿನ್ ಕೈ ಕೆಡೋದೂ ಒಂದೇ ದಿನ."

"ಎರಡ್ ವರ್ಸ ಏನೂ ಆಗ್ಲಿಲ್ವಲ್ಲ ಅತ್ತೆ?"

"ಅದ್ಕೇ ಯೋಳ್ತಿರೋದು. ಈಗ ಮುನಿಸ್ಕೊಂಡೈತೆ."

ಮಾಯಣ್ಣ ಮಾಗಡಿಯ ಔಷಧಿ ಅಂಗಡಿಯಿಂದ ಒಂದು ಮುಲಾಮು ತಂದುಕೊಟ್ಟ. ಹಚ್ಚಿದರೆ ಒಂದು ಗಳಿಗೆ ತಣ್ಣಗಾಗುತ್ತಿತ್ತು. ನಾಲ್ಕು ದಿನಕ್ಕೆ ಕೆಂಪು ಮೊಣಕೈವರೆಗೆ ಏರಿತು. ಸಾಲದೇನೋ ಎಂದು ತಿಮ್ಮಮ್ಮ ಇನ್ನೂ ಜಾಸ್ತಿ ಹಚ್ಚಿದಳು.

ಅದರ ಮುಂದಿನ ಬೆಳೆಗೆ ದಾಸಮ್ಮ ಹುಳದ ಮನೆಯನ್ನು ಕಿರಿಸೊಸೆ ಕೃಷ್ಣಮ್ಮನಿಗೆ ವಹಿಸಿ, ತಿಮ್ಮಮ್ಮನನ್ನು ಕುರಿಗಳ ಹಿಂದೆ ಕಳಿಸಿದಳು. ಕೈ ಪೂರ್ತಿ ಒಣಗಿತು. ಅತ್ತೆಯ ಮಾತೇ ನಿಜವಾಯಿತಲ್ಲ ಎಂದು ತಿಮ್ಮಮ್ಮನಿಗೆ ವಾಸಿಯಾದ ಸಂತೋಷಕ್ಕಿಂತ ಬೇಸರವೇ ಹೆಚ್ಚಾಯಿತು. ಅಳುಕುತ್ತಲೇ ಸೊಪ್ಪು ಹಾಕುತ್ತಿದ್ದ ಕೃಷ್ಣಮ್ಮನ ಕೈಯಲ್ಲಿ ಅರ್ಧ ಹುಳ ಸತ್ತವು. ತಿಮ್ಮಮ್ಮ ಹೊರಗೆ ನಿಂತು ಕಿಟಕಿಯಿಂದ ನೋಡಿದಳು. ಒಳಗೆ ಬರಬೇಡವೆಂದಿದ್ದರು, ಹೋಗಲಿಲ್ಲ.

ಆ ಬೆಳೆ ಮುಗಿದು ಹದಿನೈದು ದಿನವಾಗಿತ್ತು. ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಹೊಸದಾಗಿ ಹುಳ ಸಾಕಲು ಹೊರಟಿದ್ದಳು. ಹಳೆಯ ಬಿದಿರು ತಟ್ಟೆಗಳನ್ನು ಫಾರ್ಮಾಲಿನ್ ಎಂಬ ಘಾಟು ಔಷಧಿಯ ನೀರಿನಲ್ಲಿ ತೊಳೆಯಬೇಕಿತ್ತು. ರೋಗ ಬರದಿರಲೆಂದು ಪ್ರತಿ ಬೆಳೆಗೂ ಮುಂಚೆ ಎಲ್ಲರೂ ಮಾಡುವ ಕೆಲಸ ಅದು. ಸೋಮವಾರ ತಿಮ್ಮಮ್ಮ ಹೋಗಿ ತೊಳೆದುಕೊಟ್ಟಳು. ಬುಧವಾರ ಬೆಳಿಗ್ಗೆ ಹಾಲು ಕರೆಯಲು ಕೂತವಳಿಗೆ ಬೆರಳ ಸಂದು ತುರಿಸಿತು. ನೋಡಿದರೆ ಅದೇ ಗುಳ್ಳೆಗಳು.

ಚೊಂಬನ್ನು ಪಕ್ಕಕ್ಕಿಟ್ಟು ದಿನ ಎಣಿಸಿದಳು. ಹುಳ ಮುಟ್ಟಿ ಎಷ್ಟೋ ದಿನವಾಗಿತ್ತು. ಗಂಗಲಕ್ಷ್ಮಮ್ಮನ ಮನೆಗೆ ಹುಳ ಇನ್ನೂ ಬಂದೇ ಇರಲಿಲ್ಲ. ತಮ್ಮ ಮನೆಯಲ್ಲಾದರೆ ಒಂದು ದಿನ ಇದೇ ಔಷಧಿ ಹೊಡೆದು ಬಾಗಿಲು ಹಾಕುವುದು, ಮಾರನೆಯ ದಿನ ತೆಗೆದು ಗಾಳಿಗೆ ಬಿಡುವುದು, ಮೂರನೆಯ ದಿನ ಹುಳ ತರುವುದು. ಔಷಧಿ ಹೊಡೆಯುತ್ತಿದ್ದವಳೂ ಅವಳೇ. ಕೃಷ್ಣಮ್ಮನಿಗೆ ವಹಿಸಿದ ಬೆಳೆಗೆ ಮಾತ್ರ ಹೊಡೆದಿರಲಿಲ್ಲ.

"ಹುಳುದ್ದಲ್ಲ ತಪ್ಪು. ಔಷ್ದಿದು. ಎರಡ್ ದಿನ ಬುಟ್ಟು ಬತ್ತದೆ," ಎಂದಳು ಗಂಡನಿಗೆ.

"ಇವತ್ ಮುಟ್ಟುದ್ರೆ ನಾಡಿದ್ದು ತುರಿಸ್ತದಾ? ಎಲ್ಲಾದ್ರೂ ಉಂಟೇನೆ?" ಎಂದ ಮಾಯಣ್ಣ. ಆದರೂ ಬೆಂಗಳೂರಿನ ದೊಡ್ಡಾಸ್ಪತ್ರೆಯೊಂದರ ಚರ್ಮದ ವಿಭಾಗಕ್ಕೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಕೈ ಒಣಗಿದ ಮೇಲೆ ಬನ್ನಿ. ನೀವು ದಿನಾ ಏನೇನು ಮುಟ್ಟುತ್ತೀರೋ ಎಲ್ಲಾ ಒಂದೊಂದು ಚೂರು ತನ್ನಿ. ಬೆನ್ನಿಗೆ ಅಂಟಿಸಿ ನೋಡೋಣ," ಎಂದರು.

ಎರಡನೆಯ ಸಲ ತಿಮ್ಮಮ್ಮ ಹಿಪ್ಪುನೇರಳೆ ಸೊಪ್ಪು, ಸೀಸೆಯಲ್ಲಿ ಫಾರ್ಮಾಲಿನ್, ಮುಲಾಮು, ಬೆಂಕಿಪೊಟ್ಟಣದಲ್ಲಿ ನಾಲ್ಕು ಹುಳ ಕಟ್ಟಿಕೊಂಡಳು. ಜೊತೆಗೆ ಅತ್ತೆಯನ್ನೂ ಹೊರಡಿಸಿದಳು. "ನಾನ್ ಯೋಳುದ್ರೆ ನಂಬಾಕಿಲ್ಲ. ನೀವೇ ಬಂದ್ ನೋಡಿ."

ಡಾಕ್ಟರಮ್ಮ ಬೆಂಕಿಪೊಟ್ಟಣ ತೆರೆದು ನಕ್ಕರು. "ಹುಳ ಬೇಕಾಗಿರಲಿಲ್ಲಮ್ಮ."

"ಅದನ್ನೂ ಅಂಟ್ಸಿ ಮೇಡಂ. ಎಲ್ರೂ ಬಯ್ತಿರೋದು ಅದನ್ನೇಯ."

ಹುಳವನ್ನು ಅರೆಯುವಾಗ ತಿಮ್ಮಮ್ಮ ಮುಖ ತಿರುಗಿಸಿದಳು. ಒಂದೊಂದನ್ನೂ ತಕ್ಕಷ್ಟು ತೆಳುಮಾಡಿ, ಸಣ್ಣ ಪಟ್ಟಿಗಳಲ್ಲಿಟ್ಟು ಬೆನ್ನಿಗೆ ಅಂಟಿಸಿದರು. ಎರಡು ದಿನ ಬೆನ್ನಿಗೆ ನೀರು ತಾಕಿಸುವಂತಿರಲಿಲ್ಲ. ಅತ್ತೆ ಸೊಸೆ ಮಾಗಡಿ ರಸ್ತೆಯಲ್ಲಿದ್ದ ನೆಂಟರ ಮನೆಯಲ್ಲಿ ಉಳಿದರು. ಕೆರೆದುಕೊಳ್ಳಲು ತಿಮ್ಮಮ್ಮ ಕೈ ಹಿಂದಕ್ಕೆ ಒಯ್ದಾಗಲೆಲ್ಲ ದಾಸಮ್ಮ ಗದರಿಸಿ ಕೈ ಎಳೆದಳು.

ಪಟ್ಟಿ ಕಿತ್ತ ದಿನ ಒಂದು ಜಾಗ ಕೆಂಪಗೆ ಊದಿತ್ತು. ಮತ್ತೆರಡು ದಿನ ಬಿಟ್ಟು ನೋಡಿದಾಗ ಎರಡಾಗಿದ್ದವು.

"ಇದು ಫಾರ್ಮಾಲಿನ್," ಎಂದು ಡಾಕ್ಟರಮ್ಮ ಒಂದನ್ನು ತೋರಿಸಿದರು. "ನೀವು ಹೇಳಿದ್ದು ಸರಿ. ಆದರೆ ಇನ್ನೊಂದು ನಿಮ್ಮ ಮುಲಾಮು. ಅದರೊಳಗಿನ ಔಷಧಿಯೂ ನಿಮಗೆ ಆಗೋದಿಲ್ಲ. ವಾಸಿಯಾಗಲಿ ಅಂತ ಹಚ್ಚಿ ಹಚ್ಚಿ ಹೆಚ್ಚು ಮಾಡಿಕೊಂಡಿದ್ದೀರಿ."

ಮುಲಾಮಿನ ಮೇಲೆ ತಿಮ್ಮಮ್ಮನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

"ಮದ್ಲು ಎರಡ್ ವರ್ಸ ಸುಮ್ಕಿತ್ತಲ್ಲ?" ಎಂದು ಕೇಳಿದವಳು ದಾಸಮ್ಮ.

"ಮೈ ಒಂದು ವಸ್ತುವನ್ನು ಬೇಡ ಅಂತ ಗುರುತಿಸಿಕೊಳ್ಳೋದಕ್ಕೆ ವರ್ಷಗಳೇ ಹಿಡಿಯಬಹುದು ಅಜ್ಜಿ. ಗುರುತಿಸಿಕೊಂಡ ಮೇಲೆ ಸುಲಭಕ್ಕೆ ಮರೆಯೋದಿಲ್ಲ. ಮುಟ್ಟಿದಾಗೆಲ್ಲ ಒಂದೆರಡು ದಿನಕ್ಕೆ ತೋರಿಸುತ್ತೆ." ಎರಡರ ಹೆಸರನ್ನೂ ಚೀಟಿಯಲ್ಲಿ ಬರೆದು, ಯಾವ ಡಾಕ್ಟರ ಹತ್ತಿರ ಹೋದರೂ ಇದನ್ನು ತೋರಿಸಿ ಎಂದರು.

ಇಬ್ಬರೂ ಊರಿನ ಬಸ್ಸು ಹತ್ತಿದರು. ಸಾವನದುರ್ಗದ ಬೆಟ್ಟ ದೂರದಲ್ಲಿ ಕಂಡಾಗ ದಾಸಮ್ಮ ಅಂದಳು: "ಹುಳುದ್ ಜಾಗ ಒಸಿನೂ ಕೆಂಪಾಗಿರ್ಲಿಲ್ಲ ಕಣಮ್ಮಿ. ಈ ಬೆಳೆ ನೀನೇ ನೋಡ್ಕೊ."

ಅಲ್ಲಿಂದ ಮುಂದೆ ಔಷಧಿ ಹೊಡೆಯುವುದು ಮಾಯಣ್ಣನ ಕೆಲಸವಾಯಿತು. ಆ ದಿನಗಳಲ್ಲಿ ತಿಮ್ಮಮ್ಮ ತವರಿಗೆ ಹೋಗಿ, ಘಾಟು ಪೂರ್ತಿ ಹೋದ ಮೇಲೆ ಬರುತ್ತಿದ್ದಳು. ತಟ್ಟೆಗಳನ್ನು ಕೃಷ್ಣಮ್ಮ ಬಿಸಿಲಿಗೆ ಹಾಕಿರುತ್ತಿದ್ದಳು. ಒಂದು ಸಲ ಮಾತ್ರ, ಮದುವೆಗೆಂದು ಹೊಲಿಸಿದ ಹೊಸ ರವಿಕೆಯನ್ನು ಒಗೆಯದೆ ತೊಟ್ಟು ಕಂಕುಳೆಲ್ಲ ಕೆಂಪಾಯಿತು. ಸುಕ್ಕಾಗದಿರಲೆಂದು ಬಟ್ಟೆಗೂ ಅದೇ ಫಾರ್ಮಾಲಿನ್ ಹಾಕುವುದುಂಟು ಎಂದರು ಡಾಕ್ಟರಮ್ಮ.

ಊರಿನ ಹೆಂಗಸರು ಕೈ ಕೆಟ್ಟರೆ ಅವಳಿಗೆ ತೋರಿಸತೊಡಗಿದರು. "ಇವತ್ತಿಂದು ಬ್ಯಾಡ, ಮೊನ್ನೆ ಏನ್ ಮುಟ್ಟಿದ್ದೆ ಯೋಳು," ಎನ್ನುತ್ತಿದ್ದಳು. ಒಬ್ಬಳಿಗೆ ಆಗದಿದ್ದದ್ದು ಹೊಲದ ಕಾಂಗ್ರೆಸ್ ಗಿಡ ಎಂದು ಗೊತ್ತಾಯಿತು, ಇನ್ನೊಬ್ಬಳಿಗೆ ಸಿಮೆಂಟು. ಕೆಲವರಿಗೆ ಏನೂ ಗೊತ್ತಾಗಲಿಲ್ಲ. ಅವರನ್ನು ಬೆಂಗಳೂರಿಗೆ ಕಳಿಸಿದಳು.